ಪಡಸಾಲೆಯ ಕೋವಿಯಂಗಡಿ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಒಬ್ಬ ಗೃಹಸ್ಥನು ತನ್ನ ವಾಸದ ಮನೆಯಲ್ಲಿಯೇ, ಮಕ್ಕಳಾಡುವ ಕೋಣೆಗೂ ಬಟ್ಟೆಯೊಗೆಯುವ ಯಂತ್ರಕ್ಕೂ ನಡುವಣ ಮೂಲೆಯಲ್ಲಿ ಒಂದು ಉಕ್ಕಿನ ಕಪಾಟನ್ನು ನಿಲ್ಲಿಸಿಕೊಂಡು, ಒಕ್ಕೂಟ ಸರ್ಕಾರದ ಪರವಾನಗಿಯೊಡನೆ ಪಿಸ್ತೂಲು ಬಂದೂಕುಗಳ ಕ್ರಯವಿಕ್ರಯವನ್ನು ನಡೆಸಬಹುದೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದ ಸಂಗತಿ; ಆ ದೇಶದಲ್ಲಾದರೋ ಎಲ್ಲರಿಗೂ ತಿಳಿದಿದ್ದು ಯಾರೊಬ್ಬರನ್ನೂ ಬೆಚ್ಚಿಸದ ಸಂಗತಿ. ಅಂತಹವರನ್ನು ಅಲ್ಲಿಯ ಜನ ಅಡಿಗೆಮನೆ ಮೇಜಿನ ವ್ಯಾಪಾರಿಗಳೆಂದು ಸಲಿಗೆಯಿಂದ ಕರೆಯುತ್ತಾರೆ. ಮನೆಯಿಂದಲೇ ಈ ಪರವಾನಗಿಯನ್ನು ಪಡೆಯುವ ಬಗೆಯನ್ನು ಹೇಳಿಕೊಡುವ ಕೈಪಿಡಿಗಳೂ ಪಾಠಗಳೂ ದುಡ್ಡಿಗೆ ದೊರೆಯುತ್ತವೆ. ಅವುಗಳ ಧಾಟಿಯೆಲ್ಲ ಒಂದೇ: ಇದೊಂದು ಗೃಹೋದ್ಯೋಗ, ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಸಂಪಾದಿಸುವ ಹವ್ಯಾಸ; ಸರ್ಕಾರವೇ ನೋಡಿ, ಕೇಳಿ, ಬೆರಳಚ್ಚು ತೆಗೆದುಕೊಂಡು ಒಪ್ಪಿಗೆ ಕೊಟ್ಟ ಮೇಲೆ ನೆರೆಯವರಿಗೆ ಅಂಜಿಕೆಯೇತಕ್ಕೆ? ಬಂದೂಕನ್ನು ಮೆಚ್ಚುವವರು ಮಾತ್ರವಲ್ಲ, ಅದನ್ನು ದ್ವೇಷಿಸುವವರಲ್ಲಿಯೂ ಅನೇಕರು ಈ ಮಾತನ್ನು ಒಪ್ಪಿಕೊಂಡು ಸುಮ್ಮನಾಗಿದ್ದಾರೆ. ಹತ್ಯಾಕಾಂಡ ನಡೆದ ದಿನ ಅವರ ಕೋಪವೆಲ್ಲ ಕೊಲೆಗಾರನ ಮೇಲೆ, ಇಲ್ಲವೆ ಬಂದೂಕಿನ ಮಾದರಿಯ ಮೇಲೆ. ಆ ಬಂದೂಕು ಯಾವ ಬಾಗಿಲಿನಿಂದ ಹೊರಬಿದ್ದಿತೋ ಆ ಬಾಗಿಲಿನ ಕಡೆ ತಿರುಗಿ ನೋಡುವವರೇ ಇಲ್ಲ. ಆ ಬಾಗಿಲು ವಾಸದ ಮನೆಯಲ್ಲಿರಕೂಡದು ಎಂಬುದು ನನ್ನ ವಾದ.

ಸರ್ಕಾರ ‘ನೋಡಿ ಕೇಳಿ’ ಕೊಡುವ ವಿಧಾನ ಎಂತಹುದೆಂಬುದನ್ನು ಮೊದಲು ಪರಿಶೀಲಿಸೋಣ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಆಯುಧವನ್ನು ಹೊಂದಲು ಕಾನೂನಿನಿಂದ ನಿಷಿದ್ಧನಾದವನಾಗಿರಬಾರದು. ಅರ್ಜಿಯ ನಮೂನೆಯನ್ನು ತುಂಬಿ, ಭಾವಚಿತ್ರವನ್ನೂ ಬೆರಳಚ್ಚಿನ ಕಾಗದವನ್ನೂ ಜೊತೆಗಿಟ್ಟು, ಮೂರು ವರ್ಷಗಳ ಶುಲ್ಕವಾಗಿ 200 ಡಾಲರುಗಳನ್ನು ಕಟ್ಟಬೇಕು. ಅರ್ಜಿಯ ಒಂದು ಪ್ರತಿಯನ್ನು ಊರಿನ ಪೊಲೀಸ್ ಮುಖ್ಯಸ್ಥನಿಗೆ ಕಳುಹಿಸಬೇಕು, ಆತನ ಒಪ್ಪಿಗೆಗಾಗಿ ಅಲ್ಲ, ಆತನಿಗೆ ತಿಳಿದಿರಲಿ ಎಂಬುದಕ್ಕಾಗಿ. ಅನಂತರ ಮದ್ಯ, ತಂಬಾಕು, ಬಂದೂಕು ಹಾಗೂ ಸ್ಫೋಟಕಗಳ ಉಸ್ತುವಾರಿ ನೋಡುವ ಎ.ಟಿ.ಎಫ್. ಎಂಬ ಇಲಾಖೆಯ ಅಧಿಕಾರಿಯೊಬ್ಬನು ಮನೆಗೆ ಬರುತ್ತಾನೆ. ಊಟದ ಮೇಜಿನ ಮೇಲೆ ಕಡತವನ್ನು ಬಿಚ್ಚಿ, ಊರಿನ ವಲಯ ನಿಯಮಗಳಿಗೆ ವಿರೋಧವಿಲ್ಲವಷ್ಟೆ, ಬಾಡಿಗೆಯ ಮನೆಯಾದರೆ ಮಾಲೀಕನ ತಕರಾರಿಲ್ಲವಷ್ಟೆ ಎಂದು ವಿಚಾರಿಸಿ, ಬಂದ ಮಾಲು ಹೋದ ಮಾಲುಗಳ ಪುಸ್ತಕವನ್ನು ಹೀಗೆ ಬರೆಯತಕ್ಕದ್ದು, ಗಿರಾಕಿಯ ಕೈಯಲ್ಲಿ 4473 ಎಂಬ ನಮೂನೆಯನ್ನು ಹೀಗೆ ತುಂಬಿಸತಕ್ಕದ್ದು ಎಂದು ವಿವರಿಸಿ, ವಿವರಿಸಿದ್ದಕ್ಕೆ ಸಹಿ ಹಾಕಿಸಿಕೊಂಡು ಹೊರಡುತ್ತಾನೆ. ಕಾನೂನಿನ ಷರತ್ತುಗಳು ಪೂರೈಸಿದ್ದಾದರೆ ಇಲಾಖೆ ಪರವಾನಗಿಯನ್ನು ಕೊಡಲೇಬೇಕು; 60 ದಿನಗಳೊಳಗೆ ತೀರ್ಮಾನಿಸಲೇಬೇಕು. ಈ ಮನುಷ್ಯ ಈ ಕೆಲಸಕ್ಕೆ ತಕ್ಕವನೇ, ಈ ಮನೆ ಈ ವ್ಯಾಪಾರಕ್ಕೆ ತಕ್ಕದ್ದೇ, ನೂರು ಹೆಜ್ಜೆ ದೂರದಲ್ಲಿ ಇಂತಹುದೇ ಇನ್ನೊಂದು ಮನೆಯಿರುವಾಗ ಈ ಬೀದಿಗೆ ಇದೂ ಬೇಕೇ ಎಂದು ಕೇಳುವ ಅಧಿಕಾರ ಅವನಿಗಿಲ್ಲ. ಬೇಡವೆನ್ನುವ ವಿವೇಚನೆಯೇ ಇಲ್ಲದವನು ಕೊಟ್ಟ ಒಪ್ಪಿಗೆಯನ್ನು ಪರೀಕ್ಷೆಯೆಂದು ಕರೆಯುವುದು ಯಾವ ನ್ಯಾಯ?

ಕಲಿಕೆಯ ಮಾತನ್ನಂತೂ ಎತ್ತಲೇಬಾರದು. ಆ ದೇಶದ ಬಹುಪಾಲು ರಾಜ್ಯಗಳಲ್ಲಿ ಕ್ಷೌರಿಕನಾಗಬೇಕಾದರೆ ಸಾವಿರ ಗಂಟೆಗಳೋ ಅದಕ್ಕೂ ಮಿಗಿಲಾಗಿಯೋ ಶಾಲೆಯಲ್ಲಿ ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಗಡ್ಡ ಹೆರೆಯುವ ಕತ್ತಿಗೆ ಇರುವ ಈ ಗೌರವ ಕೈಬಂದೂಕಿಗಿಲ್ಲ. ಒಕ್ಕೂಟದ ಕಾನೂನು ಕೋವಿಯ ವ್ಯಾಪಾರಿಗೆ ಒಂದು ಗಂಟೆಯ ತರಬೇತಿಯನ್ನೂ ವಿಧಿಸಿಲ್ಲ, ಒಂದು ಪ್ರಶ್ನೆಪತ್ರಿಕೆಯನ್ನೂ ಅವನ ಮುಂದಿಟ್ಟಿಲ್ಲ. ನ್ಯೂಜೆರ್ಸಿ ರಾಜ್ಯದಲ್ಲಿ 2021ರ ಅಕ್ಟೋಬರ್ ತಿಂಗಳವರೆಗೆ ಮನೆಯ ಒಲೆಯಲ್ಲಿ ಸುಟ್ಟ ರೊಟ್ಟಿ ಬಿಸ್ಕತ್ತುಗಳನ್ನು ಮಾರುವುದಕ್ಕೆ ಅನುಮತಿಯೇ ಇರಲಿಲ್ಲ. ಇಂದಿಗೂ ಅನೇಕ ರಾಜ್ಯಗಳಲ್ಲಿ ನಮ್ಮ ಹೆಣ್ಣುಮಗಳೊಬ್ಬಳು ಮನೆಯಲ್ಲಿ ಹಾಕಿದ ಉಪ್ಪಿನಕಾಯಿಯನ್ನು ಮಾರಬೇಕೆಂದರೆ ಅದರ ಹುಳಿಯ ಪ್ರಮಾಣವೆಷ್ಟು, ಚೀಟಿಯ ಮೇಲೆ ಏನು ಬರೆದಿದೆ, ಅಡಿಗೆಮನೆಯಲ್ಲಿ ನಾಯಿಬೆಕ್ಕುಗಳು ಓಡಾಡುತ್ತವೆಯೇ ಎಂಬಿತ್ಯಾದಿ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಕೇಳಲಿ, ತಪ್ಪೇನಿಲ್ಲ, ಕೆಟ್ಟ ಉಪ್ಪಿನಕಾಯಿ ಮನುಷ್ಯನನ್ನು ಮಲಗಿಸಬಲ್ಲುದು. ಆದರೆ ಅವಳ ಪಕ್ಕದ ಮನೆಯವನು ಇಡೀ ಬೀದಿಯನ್ನೇ ಮಲಗಿಸಬಲ್ಲಷ್ಟು ಸರಕನ್ನು ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿರುವಾಗ, ಆ ಕೊಟ್ಟಿಗೆಗೆ ಎಂತಹ ಬೀಗ ಹಾಕಬೇಕು, ಕಳ್ಳಗಂಟೆ ಇರಬೇಕೇ ಬೇಡವೇ, ಕಿಟಕಿಗೆ ಸರಳುಗಳಿರಬೇಕೇ ಎಂಬ ವಿಷಯದಲ್ಲಿ ಒಕ್ಕೂಟದ ಕಾನೂನು ಮೌನವ್ರತವನ್ನು ಹಿಡಿದಿರುವುದು ಆಶ್ಚರ್ಯವಲ್ಲವೆ? ಮಾಲು ಕಳವಾದರೆ 48 ಗಂಟೆಗಳೊಳಗೆ ತಿಳಿಸತಕ್ಕದ್ದೆಂದು ಮಾತ್ರ ಅದು ಹೇಳುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವುದಕ್ಕೂ ಒಂದು ಗಡುವು!

ಈ ವ್ಯವಸ್ಥೆ ಹೀಗೇಕಾಯಿತೆಂಬುದನ್ನು ತಿಳಿಯಲು ಸ್ವಲ್ಪ ಚರಿತ್ರೆಯನ್ನು ನೋಡಬೇಕು. 1938ರ ಕಾನೂನಿನಲ್ಲಿ ವ್ಯಾಪಾರಿಯ ಪರವಾನಗಿಗೆ ವರ್ಷಕ್ಕೆ ಒಂದು ಡಾಲರು ಶುಲ್ಕ. 1963ರಲ್ಲಿ ಅಧ್ಯಕ್ಷ ಕೆನೆಡಿಯವರನ್ನು ಬಲಿ ತೆಗೆದುಕೊಂಡ ಬಂದೂಕು ಷಿಕಾಗೋದ ಅಂಗಡಿಯೊಂದರಿಂದ ಸುಳ್ಳು ಹೆಸರಿಗೆ ಅಂಚೆಯಲ್ಲಿ ಬಂದದ್ದು. ಅದರ ಬೆಲೆ 19 ಡಾಲರು 95 ಸೆಂಟು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನೆಡಿ ಇಬ್ಬರೂ ಗುಂಡಿಗೆ ಬಲಿಯಾದ ಮೇಲೆ ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಜಾನ್ಸನ್ ಅವರು ಸಹಿ ಹಾಕಿದ ಬಂದೂಕು ನಿಯಂತ್ರಣ ಕಾನೂನು, ರಾಜ್ಯದಿಂದ ರಾಜ್ಯಕ್ಕೆ ಗಿರಾಕಿಯ ಮನೆಗೇ ಅಂಚೆಯಲ್ಲಿ ಬಂದೂಕು ಬರುವ ಪದ್ಧತಿಯನ್ನು ನಿಲ್ಲಿಸಿತು. ಕಾರ್ಖಾನೆಗೂ ಪ್ರಜೆಗೂ ನಡುವೆ ಪರವಾನಗಿಯುಳ್ಳ ವ್ಯಾಪಾರಿಯೊಬ್ಬನನ್ನು ನಿಲ್ಲಿಸಿತು. ಎಂದರೆ, ಅಂದಿನಿಂದ ಆ ವ್ಯಾಪಾರಿ ಬರಿಯ ವ್ಯಾಪಾರಿಯಲ್ಲ, ರಾಷ್ಟ್ರದ ದ್ವಾರಪಾಲಕ. ಗಿರಾಕಿಯ ಗುರುತಿನ ಚೀಟಿಯನ್ನು ನೋಡುವವನು ಅವನು. 1998ರಿಂದ ಈಚೆಗೆ ಎಫ್.ಬಿ.ಐ. ನಡೆಸುವ ಹಿನ್ನೆಲೆಯ ಪರಿಶೀಲನೆಗೆ ಹೆಸರನ್ನು ಒಪ್ಪಿಸುವವನು ಅವನು; ಯಾವ ಸಂಖ್ಯೆಯ ಕೋವಿ ಯಾರ ಕೈಸೇರಿತೆಂದು ಬರೆದಿಡುವವನೂ ಅವನೇ. ಬಂದೂಕುಗಳ ರಾಷ್ಟ್ರೀಯ ದಾಖಲೆಯನ್ನು ಸರ್ಕಾರ ಇಟ್ಟುಕೊಳ್ಳಲೇಬಾರದೆಂದು 1986ರ ಕಾನೂನು ನಿಷೇಧಿಸಿರುವುದರಿಂದ, ಕೊಲೆಯಾದ ಸ್ಥಳದಲ್ಲಿ ಪಿಸ್ತೂಲು ಸಿಕ್ಕಿದರೆ ಪಶ್ಚಿಮ ವರ್ಜೀನಿಯದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಶೋಧನ ಕೇಂದ್ರದ ನೌಕರನು ಮೊದಲು ಕಾರ್ಖಾನೆಯನ್ನು ಕೇಳಿ, ಅನಂತರ ಸಗಟು ವ್ಯಾಪಾರಿಯನ್ನು ಕೇಳಿ, ಕೊನೆಗೆ ಚಿಲ್ಲರೆ ವ್ಯಾಪಾರಿಗೆ ಫೋನು ಮಾಡಬೇಕು. ಆಗ ರಾಷ್ಟ್ರದ ಏಕೈಕ ಸಾಕ್ಷ್ಯ ಎಲ್ಲಿರುತ್ತದೆ? ಯಾವನೋ ಒಬ್ಬನ ಮಲಗುವ ಕೋಣೆಯ ಕಪಾಟಿನಲ್ಲಿ, ಮನೆಯ ಕಂದಾಯದ ರಸೀದಿಗಳ ಪಕ್ಕದಲ್ಲಿ. ಆತ ವ್ಯಾಪಾರವನ್ನು ನಿಲ್ಲಿಸಿದರೆ ಆ ಕಾಗದಗಳೆಲ್ಲ ಮಾರ್ಟಿನ್ಸ್‌ಬರ್ಗ್‌ಗೆ ಹೋಗಿ ಬೀಳುತ್ತವೆ. ಅಲ್ಲಿ ಪೆಟ್ಟಿಗೆಗಳ ಭಾರಕ್ಕೆ ನೆಲ ಕುಸಿದೀತೆಂಬ ಭಯದಿಂದ ಹೊರಗಣ ಅಂಗಳದಲ್ಲಿ ಹಡಗಿನ ಸರಕಿನ ಡಬ್ಬಗಳನ್ನು ನಿಲ್ಲಿಸಿ ಅವುಗಳಲ್ಲಿ ಕಾಗದ ತುಂಬಿದ ಕಾಲವೂ ಇತ್ತು. ಕೊಂಡವನ ಹೆಸರು ಹೇಳಿ ಹುಡುಕಲು ಬಾರದಂತೆ ಆ ದಾಖಲೆಗಳನ್ನು ಇಡಬೇಕೆಂಬ ಕಟ್ಟಳೆಯಂತೂ ಹಾಗೆಯೇ ಇದೆ.

ದ್ವಾರಪಾಲಕನ ಕೆಲಸ ಇಷ್ಟು ಗುರುತರವಾದುದಾದ ಮೇಲೆ ಆತನ ಮೇಲೆ ಕಣ್ಣಿಡುವವರು ಯಾರು? 1986ರ ಆ ಕಾನೂನೇ, ಸಾಮಾನ್ಯ ತನಿಖೆ 12 ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಲ ನಡೆಯಕೂಡದೆಂದು ವಿಧಿಸಿತು. ಒಂದು ಸಲವಾದರೂ ನಡೆಯುತ್ತದೆಯೇ? ಇಲಾಖೆ ತಾನೇ ಹಾಕಿಕೊಂಡ ಐದು ವರ್ಷಗಳ ಗುರಿಯನ್ನೂ ಮುಟ್ಟಲಾಗದೆ, ವ್ಯಾಪಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬಾಗಿಲನ್ನು ಆ ಅವಧಿಯಲ್ಲಿ ತಟ್ಟಲೇ ಇಲ್ಲವೆಂದು ನ್ಯಾಯಾಂಗ ಇಲಾಖೆಯ ಮಹಾತನಿಖಾಧಿಕಾರಿಯ 2013ರ ವರದಿಯೇ ಹೇಳಿತು. ತನಿಖೆ ವ್ಯಾಪಾರದ ವೇಳೆಯಲ್ಲಿಯೇ ನಡೆಯಬೇಕು. ಅಂಗಡಿಯೆಂಬುದು ಬೆಳಗಿನಿಂದ ಸಂಜೆಯವರೆಗೆ ತೆರೆದಿರುವ ಸ್ಥಳ, ಮನೆಯ ವ್ಯಾಪಾರಿಯಾದರೋ ವಾರಕ್ಕೆ ಕೆಲವೇ ಗಂಟೆಗಳನ್ನು ತನ್ನ ವೇಳೆಯೆಂದು ಬರೆದುಕೊಟ್ಟು ಉಳಿದ ವೇಳೆಯಲ್ಲಿ ಗೃಹಸ್ಥನಾಗಿಬಿಡುತ್ತಾನೆ. ವರ್ಷಕ್ಕೊಮ್ಮೆ ದಾಸ್ತಾನನ್ನು ಎಣಿಸಿ ಲೆಕ್ಕ ಒಪ್ಪಿಸೆಂದು ಕೇಳೋಣವೆಂದರೆ, ಹಾಗೆ ಕೇಳುವುದಕ್ಕೆ ಹಣ ವೆಚ್ಚಮಾಡಕೂಡದೆಂದು ಆಯವ್ಯಯದ ಮಸೂದೆಯಲ್ಲಿಯೇ ಒಂದು ಬಾಲವನ್ನು ಸೇರಿಸಿ ಕಾಂಗ್ರೆಸ್ ಇಲಾಖೆಯ ಕೈ ಕಟ್ಟಿಹಾಕಿದೆ. ಪಡಿತರದ ಅಂಗಡಿಯವನೂ ಅಕ್ಕಿಯ ಮೂಟೆಯನ್ನು ಎಣಿಸಿ ತೋರಿಸಬೇಕಾದ ದೇಶದವನಾದ ನನಗೆ ಇದು ಇಂದಿಗೂ ಅರ್ಥವಾಗದ ಒಗಟು. ಪೀಪಾಯಿ ಎಣಿಸದ ಹೆಂಡದಂಗಡಿಯನ್ನು ಆ ದೇಶ ಸಹಿಸುವುದೇ? ತಪ್ಪು ಸಿಕ್ಕಿದರೂ ಅದು ‘ಬೇಕೆಂದೇ ಮಾಡಿದ್ದು’ ಎಂದು ಸಾಧಿಸಿದ ಹೊರತು ಪರವಾನಗಿ ರದ್ದಾಗದು. ಗುರುತರ ತಪ್ಪುಗಳಿಗೆ ಕ್ಷಮೆಯಿಲ್ಲವೆಂಬ ಒಂದು ನೀತಿ 2021ರಲ್ಲಿ ಬಂದಿತು. 2025ರ ಏಪ್ರಿಲ್‌ನಲ್ಲಿ ಅದನ್ನೂ ತೆಗೆದುಹಾಕಲಾಯಿತು.

ಪೂರ್ವಪಕ್ಷಿಗಳು ಇಲ್ಲಿ ಒಂದು ಅಂಕೆಯನ್ನು ತಂದು ಮುಂದಿಡುತ್ತಾರೆ. ಎ.ಟಿ.ಎಫ್. 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1998ರಲ್ಲಿ ವ್ಯಾಪಾರದಲ್ಲಿದ್ದವರವರೆಗೆ ಜಾಡು ಹಿಡಿದು ಹೋದ ಅಪರಾಧದ ಬಂದೂಕುಗಳಲ್ಲಿ ಶೇಕಡಾ 57ಕ್ಕಿಂತ ಹೆಚ್ಚಿನವು, ಸುಮಾರು 83,200 ಮಂದಿಯ ಪೈಕಿ ಕೇವಲ 1,020 ಮಂದಿ ವ್ಯಾಪಾರಿಗಳಿಂದ ಬಂದುವು. ಆದುದರಿಂದ ಕೆಟ್ಟವರು ಕೆಲವರು, ಉಳಿದವರು ಸಾಧುಗಳು ಎಂಬುದು ಅವರ ತೀರ್ಮಾನ. ಆಗಲಿ. ಆ ಕೆಲವರು ಯಾರೆಂಬುದು ಗೊತ್ತಾದ ಮೇಲೆ ಮಾಡಬೇಕಾದುದೇನು? ಅವರ ಹೆಸರನ್ನು ಡಂಗುರ ಹೊಡೆಯಿಸಿ ಅಂಗಡಿಯನ್ನು ಮುಚ್ಚಿಸುವುದಲ್ಲವೆ? ಆರು ವರ್ಷ ಕಳೆಯುವುದರೊಳಗಾಗಿ ಕಾಂಗ್ರೆಸ್ ಮಾಡಿದ್ದು ಇದಕ್ಕೆ ತದ್ವಿರುದ್ಧ: 2003ರ ಟಿಯಾರ್ಟ್ ತಿದ್ದುಪಡಿಯಿಂದ ಅಂತಹ ಶೋಧನೆಯ ಮಾಹಿತಿ ಸಾರ್ವಜನಿಕರ ಕೈಗೆ ಸಿಗದಂತಾಯಿತು, 2005ರಲ್ಲಿ ಬಂದ ಇನ್ನೊಂದು ಕಾನೂನು, ನೊಂದವರು ವ್ಯಾಪಾರಿಗಳ ಮೇಲೂ ತಯಾರಕರ ಮೇಲೂ ದಾವೆ ಹೂಡುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ತನಿಖೆಯ ಕಣ್ಣು, ಪ್ರಜೆಯ ಕಣ್ಣು, ನ್ಯಾಯಾಲಯದ ಕಣ್ಣು ಮೂರಕ್ಕೂ ಬಟ್ಟೆ ಕಟ್ಟಿ, ಕಾಣಿಸುವುದಿಲ್ಲವಾದ್ದರಿಂದ ತಪ್ಪೇ ಇಲ್ಲವೆನ್ನುವ ಈ ತರ್ಕಕ್ಕೆ ಯಾವ ನ್ಯಾಯಶಾಸ್ತ್ರದಲ್ಲಿ ಸ್ಥಾನವಿದೆಯೋ ನಾನರಿಯೆ. ಅದೇ ಇಲಾಖೆಯ ಅಂದಿನ ಮಾದರಿ ಸಮೀಕ್ಷೆಯಲ್ಲಿ ಪರವಾನಗಿದಾರರ ಅರ್ಧಕ್ಕೂ ಮೀರಿದ ಭಾಗ ವಾಸದ ಮನೆಗಳಿಂದ ವ್ಯಾಪಾರ ನಡೆಸುತ್ತಿದ್ದುದು ಕಂಡುಬಂದಿತ್ತು. ಉಳಿದವರಲ್ಲಿ ಮೋಟಾರಿನ ಬಿಡಿಭಾಗ ಮಾರುವವರಿದ್ದರು, ಶವಸಂಸ್ಕಾರಕ್ಕೆ ಅಣಿಮಾಡಿಕೊಡುವ ಅಂಗಡಿಯವರೂ ಇದ್ದರು. ಈ ಕೊನೆಯವರ ದೂರದೃಷ್ಟಿಯನ್ನಾದರೂ ಮೆಚ್ಚಬೇಕು.

ಅಂಗಡಿಯಾದರೆ ಏನು ಹೆಚ್ಚುಗಾರಿಕೆ, ಅಂಗಡಿಯಲ್ಲಿ ಮಾತ್ರ ಮೋಸ ನಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ನಡೆಯುತ್ತದೆ. 2002ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜಧಾನಿಯ ಸುತ್ತಮುತ್ತ ಪೆಟ್ರೋಲು ಹಾಕಿಸಿಕೊಳ್ಳುತ್ತಿದ್ದವರನ್ನೂ ಸಾಮಾನು ಕೊಳ್ಳಲು ಬಂದವರನ್ನೂ ಮರೆಯಿಂದ ಹೊಡೆದು ಹತ್ತು ಮಂದಿಯನ್ನು ಕೊಂದ ಬಂದೂಕು, ಟಕೋಮ ನಗರದ ಒಂದು ಅಂಗಡಿಯಿಂದ ಬಂದದ್ದು. ತನಿಖೆ ಮಾಡಿದಾಗ ಆ ಅಂಗಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಬಂದೂಕುಗಳಿಗೆ ಲೆಕ್ಕವೇ ಇರಲಿಲ್ಲ. ಫಲಕವಿದ್ದು, ನೌಕರರಿದ್ದು, ಹಾದುಹೋಗುವವರೆಲ್ಲ ಕಾಣುವಂತೆ ಬೀದಿಗೆ ಮುಖಮಾಡಿ ನಿಂತಿದ್ದ ಅಂಗಡಿಯ ಪಾಡೇ ಇದಾದರೆ, ಫಲಕವಿಲ್ಲದೆ, ಎರಡನೆಯ ಮನುಷ್ಯನಿಲ್ಲದೆ, ಪರದೆಯ ಹಿಂದೆ ನಡೆಯುವ ವ್ಯಾಪಾರದ ಲೆಕ್ಕವನ್ನು ನಾವು ನಂಬಿಕೆಯ ಮೇಲೆ ಬಿಡಬೇಕೆಂದು ಹೇಳುವವರು ಯಾವ ಆಧಾರದಿಂದ ಹೇಳುತ್ತಾರೆ?

ಮನೆಯೆಂಬುದರ ಸ್ವಭಾವವೇ ಈ ಕೆಲಸಕ್ಕೆ ವಿರುದ್ಧವಾದುದು. ದ್ವಾರಪಾಲಕನ ಮುಖ್ಯವಾದ ಕರ್ತವ್ಯ ಒಲ್ಲೆನೆನ್ನುವುದು. ನಮೂನೆಯಲ್ಲಿ ‘ನಾನೇ ನಿಜವಾಗಿ ಕೊಳ್ಳುವವನು’ ಎಂದು ಬರೆದು ಸಹಿ ಹಾಕುತ್ತಿರುವ ಹೆಣ್ಣುಮಗಳ ಹಿಂದೆ ನಿಂತು ಯಾವ ಪಿಸ್ತೂಲು ಬೇಕೆಂದು ಬೆರಳು ತೋರಿಸುತ್ತಿರುವ ಗಂಡಸನ್ನು ಕಂಡಾಗ ಪುಸ್ತಕವನ್ನು ಮುಚ್ಚಿಡುವುದು; ಪರಿಶೀಲನೆಯ ಉತ್ತರ ಬರುವುದು ತಡವಾದಾಗ ಕಾಯುವುದು. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಕೊಟ್ಟುಬಿಡಲು ಕಾನೂನು ಅನುಮತಿಸುತ್ತದೆ, ಕೊಡಲೇಬೇಕೆಂದು ಹೇಳುವುದಿಲ್ಲ. ಆ ಅನುಮತಿಯ ಸಂದಿನಲ್ಲಿ ತೂರಿಹೋದ ಒಂದು ಪಿಸ್ತೂಲೇ 2015ರ ಜೂನ್ 17ರಂದು ಚಾರ್ಲ್‌ಸ್ಟನ್ನಿನ ಚರ್ಚಿನಲ್ಲಿ ಬೈಬಲ್ಲನ್ನು ಓದುತ್ತಿದ್ದ ಒಂಬತ್ತು ಮಂದಿಯನ್ನು ಕೊಂದಿತು. ಅಂಗಡಿಯ ಕಟ್ಟೆಯ ಹಿಂದೆ ನಿಂತವನಿಗೇ ಒಲ್ಲೆನೆನ್ನುವುದು ಕಷ್ಟ. ಇನ್ನು ತನ್ನ ಸೋಫಾದ ಮೇಲೆ ಕುಳಿತಿರುವವನು ಹೆಂಡತಿಯ ಗೆಳತಿಯ ಅಣ್ಣನಾಗಿದ್ದು, ಭಾನುವಾರ ಅದೇ ಚರ್ಚಿನ ಅದೇ ಸಾಲಿನಲ್ಲಿ ಕೂರುವವನಾಗಿದ್ದು, ಅವನ ಮಗನೂ ಇವನ ಮಗನೂ ಒಂದೇ ತಂಡದಲ್ಲಿ ಚೆಂಡಾಡುತ್ತಿರುವಾಗ, ಅಡ್ಡಗಾಲು ಹಾಕುವ ಧೈರ್ಯ ಯಾವ ಗೃಹಸ್ಥನಿಗೆ ಬಂದೀತು? ದಾಕ್ಷಿಣ್ಯವೆಂಬುದು ಮನೆಯೊಳಗೆ ಸದ್ಗುಣ. ಈ ವ್ಯಾಪಾರದಲ್ಲಿ ಅದೇ ಪ್ರಾಣಾಂತಿಕವಾದ ದೋಷ.

ಅಂಗಡಿ ಯಾವುದು, ಮನೆ ಯಾವುದು ಎಂಬ ಗಡಿ ಅಳಿಸಿದಾಗ ಸರಕು ಯಾವುದು, ಸ್ವಂತದ್ದು ಯಾವುದು ಎಂಬ ಗಡಿಯೂ ಅಳಿಸುತ್ತದೆ. ವ್ಯಾಪಾರಿಯು ತನ್ನ ದಾಸ್ತಾನಿನಿಂದ ಸ್ವಂತ ಸಂಗ್ರಹಕ್ಕೆ ದಾಟಿಸಿ ಒಂದು ವರ್ಷ ಇಟ್ಟುಕೊಂಡ ಬಂದೂಕನ್ನು, ಗಿರಾಕಿಯ ಹಿನ್ನೆಲೆಯನ್ನು ಪರಿಶೀಲಿಸದೆಯೇ ಮಾರಬಹುದೆಂದು ಒಕ್ಕೂಟದ ಕಾನೂನಿನಲ್ಲಿದೆ. ಎರಡು ಕಪಾಟುಗಳೂ ಒಂದೇ ಗೋಡೆಗೆ ಒರಗಿ ನಿಂತಿರುವ ಮನೆಯಲ್ಲಿ, ಯಾವ ಕೋವಿ ಎಂದು ಯಾವ ಕಪಾಟಿಗೆ ಸೇರಿತೆಂಬುದಕ್ಕೆ ಮನೆಯೊಡೆಯನ ಕೈಬರಹದ ಹೊರತು ಬೇರೆ ಸಾಕ್ಷಿಯೆಲ್ಲಿ? ಅಷ್ಟೇಕೆ, ಈ ಪರವಾನಗಿಗೆ ಮುಗಿಬೀಳುವವರಲ್ಲಿ ಅನೇಕರ ಅಂತರಂಗದ ಆಸೆ ವ್ಯಾಪಾರವೇ ಅಲ್ಲ. ಸಗಟು ದರದಲ್ಲಿ ತಮಗೆ ಬೇಕಾದ ಬಂದೂಕುಗಳನ್ನು ತಮ್ಮ ಮನೆಬಾಗಿಲಿಗೇ ತರಿಸಿಕೊಳ್ಳುವುದು. ಸ್ವಂತ ಸಂಗ್ರಹಕ್ಕಾಗಿ ಮಾತ್ರ ವ್ಯಾಪಾರಿಯ ಪರವಾನಗಿಯನ್ನು ಕೊಡುವುದಿಲ್ಲವೆಂದು ಇಲಾಖೆ ಹೇಳುತ್ತಲೇ ಇದೆ, ಅವರು ನಾಲ್ಕಾರು ಮಾರಾಟ ತೋರಿಸಿ ಪಡೆಯುತ್ತಲೇ ಇದ್ದಾರೆ. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. 1993ರ ಸುಮಾರಿಗೆ ಆ ದೇಶದಲ್ಲಿ ಎರಡೂವರೆ ಲಕ್ಷದಷ್ಟು ವ್ಯಾಪಾರಿಗಳಿದ್ದರು. ಪೆಟ್ರೋಲ್ ಬಂಕುಗಳಿಗಿಂತ ಬಂದೂಕು ವ್ಯಾಪಾರಿಗಳೇ ಹೆಚ್ಚೆಂಬ ಮಾತು ಹುಟ್ಟಿದ್ದು ಆಗಲೇ. ಆ ವರ್ಷ ಅಧ್ಯಕ್ಷ ಕ್ಲಿಂಟನ್ ಅವರು ಪರಿಶೀಲನೆ ಬಿಗಿಯಾಗಬೇಕೆಂದು ಆಜ್ಞೆ ಮಾಡಿದರು. ವರ್ಷಕ್ಕೆ 10 ಡಾಲರಿದ್ದ ಶುಲ್ಕ ಮೂರು ವರ್ಷಕ್ಕೆ 200 ಆಯಿತು. ಮರುವರ್ಷ ಬೆರಳಚ್ಚು, ಭಾವಚಿತ್ರ, ಊರಿನ ನಿಯಮಗಳನ್ನು ಪಾಲಿಸುವೆನೆಂಬ ಮುಚ್ಚಳಿಕೆ ಇಷ್ಟು ಸೇರಿದುವು. ಇಷ್ಟು ಮಾತ್ರದಿಂದ ಹದಿನೈದು ವರ್ಷಗಳೊಳಗೆ ಎರಡೂವರೆ ಲಕ್ಷ ಹೋಗಿ ಸುಮಾರು ಐವತ್ತು ಸಾವಿರ ಉಳಿಯಿತು. ದಿನಕ್ಕೆ ಇಪ್ಪತ್ತು ಸೆಂಟೂ ಬೀಳದ ಶುಲ್ಕಕ್ಕೆ ಮಾಯವಾಗಿಬಿಟ್ಟ ಆ ಎರಡು ಲಕ್ಷ ‘ಜೀವನೋಪಾಯ’ಗಳು ಯಾರ ಜೀವನದ ಉಪಾಯಗಳಾಗಿದ್ದುವು? ಅದರಿಂದ ಒಬ್ಬ ಅಮೆರಿಕನಿಗಾದರೂ ಬಂದೂಕು ಕೊಳ್ಳಲು ಸಿಗಲಿಲ್ಲವೆಂಬ ದೂರು ಬಂದಿತೇ?

ಹಕ್ಕಿನ ಮಾತು ಉಳಿಯಿತು. ಆಯುಧವನ್ನು ಹೊಂದುವುದು ಸಂವಿಧಾನದ ಎರಡನೆಯ ತಿದ್ದುಪಡಿ ಕೊಟ್ಟ ಹಕ್ಕು, ಅದರ ವ್ಯಾಪಾರಕ್ಕೆ ಕಡಿವಾಣ ಹಾಕುವುದು ಆ ಹಕ್ಕಿಗೆ ಕುತ್ತು ಎಂದು ಗರ್ಜಿಸುವವರು, ತಾವು ತಲೆಯ ಮೇಲೆ ಹೊತ್ತು ಮೆರೆಸುವ 2008ರ ಹೆಲ್ಲರ್ ತೀರ್ಪನ್ನು ಪೂರ್ತಿಯಾಗಿ ಓದಿದ್ದರೆ, ಆಯುಧಗಳ ವಾಣಿಜ್ಯ ವಿಕ್ರಯಕ್ಕೆ ಷರತ್ತುಗಳನ್ನೂ ಅರ್ಹತೆಗಳನ್ನೂ ವಿಧಿಸುವ ಕಾನೂನುಗಳ ಮೇಲೆ ತಮ್ಮ ಈ ತೀರ್ಪು ಸಂಶಯದ ನೆರಳು ಬೀರುವುದಿಲ್ಲವೆಂದು ನ್ಯಾಯಮೂರ್ತಿ ಸ್ಕಲೀಯ ಅವರೇ ಅದರಲ್ಲಿ ಬರೆದಿರುವುದು ಕಾಣುತ್ತಿತ್ತು. ಹೊಂದುವುದು ಬೇರೆ, ಮಾರುವುದು ಬೇರೆ. ಇದನ್ನು ಕನ್ನಡ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡಗಿನ ಐನ್‌ಮನೆಗಳಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಕೈಲ್‌ಪೋದಿನ ದಿನ ಅದಕ್ಕೆ ಹೂವಿನ ಅಲಂಕಾರ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯಿಟ್ಟುಕೊಳ್ಳಲು ಪರವಾನಗಿ ಬೇಡವೆಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದು ಇಂದಿಗೂ ಜಾರಿಯಲ್ಲಿದೆ. ಆ ವಿನಾಯಿತಿಯನ್ನು ಹಿಡಿದುಕೊಂಡು ಯಾವ ಕೊಡವನೂ ತನ್ನ ಕೈಯಾಲೆಯಲ್ಲಿ ಕೋವಿಗಳನ್ನು ಸಾಲಾಗಿ ಜೋಡಿಸಿ ಬೆಲೆಪಟ್ಟಿ ತೂಗುಹಾಕಲಿಲ್ಲ, ಮಾರುವ ಸ್ವಾತಂತ್ರ್ಯವಿಲ್ಲದೆ ತನ್ನ ಹಕ್ಕು ಮೊಟಕಾಯಿತೆಂದು ಗೋಳಾಡಲೂ ಇಲ್ಲ. ಕೋವಿಯನ್ನು ಗೌರವಿಸುವವನಿಗೆ ಅದು ಬಿಡುವಿನ ವೇಳೆಯ ಸರಕಾಗುವುದು ಹೇಗೆ?

ಮನೆಯ ವ್ಯಾಪಾರವನ್ನು ನಿಲ್ಲಿಸಿದರೆ ಆಕಾಶವೇ ಕಳಚಿಬೀಳುವುದೆಂದು ಹೆದರಿಸುವವರು ಮ್ಯಾಸಚೂಸೆಟ್ಸ್ ರಾಜ್ಯವನ್ನು ಹೋಗಿ ನೋಡಬಹುದು. ಬಂದೂಕು ಮಾರುವ ಪರವಾನಗಿದಾರನು ವಾಸದ ಮನೆಯಲ್ಲದ ಶಾಶ್ವತವಾದ ವ್ಯಾಪಾರಸ್ಥಳವನ್ನು ಹೊಂದಿರತಕ್ಕದ್ದೆಂದು ಆ ರಾಜ್ಯದ ಕಾನೂನು ನೇರವಾಗಿ ವಿಧಿಸಿತು. ಅಲ್ಲಿಯೂ ಬೇಟೆಗಾರರಿದ್ದಾರೆ, ಗುರಿಕಾರರಿದ್ದಾರೆ, ಬಂದೂಕಿನಂಗಡಿಗಳಿವೆ. ಮತ್ತು ಬಂದೂಕಿನಿಂದ ಸಾಯುವವರ ಪ್ರಮಾಣ ಅತಿ ಕಡಿಮೆಯಿರುವ ರಾಜ್ಯಗಳಲ್ಲಿ ಅದೂ ಒಂದು. 2021ರಲ್ಲಿ ಇಡೀ ದೇಶದಲ್ಲಿ 48,830 ಮಂದಿ ಬಂದೂಕಿನಿಂದ ಸತ್ತರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮನ್ನು ತಾವೇ ಕೊಂದುಕೊಂಡವರು. ನಟ್ಟಿರುಳಿನಲ್ಲಿ ಮನಸ್ಸು ಕದಡಿದ ಹುಡುಗನೊಬ್ಬನಿಗೆ, ಊರಾಚೆಯ ಬೀಗ ಹಾಕಿದ ಅಂಗಡಿಗೂ ಮೆಟ್ಟಿಲಿಳಿದರೆ ಸಿಗುವ ತಂದೆಯ ‘ಅಂಗಡಿ’ಗೂ ಇರುವ ಅಂತರವನ್ನು ಅಳೆಯಲು ಯಾವ ಸಮೀಕ್ಷೆಯೂ ಬೇಕಾಗಿಲ್ಲ. ಅಂಗಡಿಯ ಬಾಡಿಗೆ ತೆರಲಾರದ ಬಡವನ ಹೊಟ್ಟೆಯ ಮೇಲೆ ಹೊಡೆಯುತ್ತೀರೆಂದು ಆಕ್ಷೇಪಿಸುವವರಿಗೆ ನನ್ನ ಉತ್ತರ ಚಿಕ್ಕದು: ಬೀಗ, ಕಾವಲು, ಬಾಡಿಗೆ ಇವುಗಳ ವೆಚ್ಚವನ್ನು ಹೊರಲಾರದ ವ್ಯಾಪಾರಿ ಆ ವೆಚ್ಚವನ್ನು ತಪ್ಪಿಸಿಕೊಂಡಿಲ್ಲ, ತನ್ನ ಮಕ್ಕಳ ಮೇಲೆ ಮತ್ತು ನೆರೆಯವರ ಮೇಲೆ ಹೊರಿಸಿದ್ದಾನೆ.

ಆದುದರಿಂದ ಕಾಂಗ್ರೆಸ್ ಈ ಕಾನೂನನ್ನು ತಿದ್ದಬೇಕು. ವಾಸದ ಮನೆಯ ವಿಳಾಸಕ್ಕೆ ಹೊಸ ಪರವಾನಗಿಯನ್ನು ಕೊಡುವುದು ನಿಲ್ಲಬೇಕು. ಇರುವವು ಮೂರು ವರ್ಷದ ಅವಧಿ ಮುಗಿದ ದಿನ ನವೀಕರಣವಿಲ್ಲದೆ ಕೊನೆಗೊಳ್ಳಬೇಕು. ಅನರ್ಹನಿಗೆ ಇಲ್ಲವೆನ್ನುವ ಅಧಿಕಾರ ತನಿಖಾಧಿಕಾರಿಗೆ ಬರಬೇಕು. ವರ್ಷಕ್ಕೊಂದು ತನಿಖೆ, ವರ್ಷಕ್ಕೊಂದು ದಾಸ್ತಾನು ಎಣಿಕೆ ಕಡ್ಡಾಯವಾಗಬೇಕು. ಶೋಧನೆಯ ಮಾಹಿತಿಗೆ ಹಾಕಿದ ಬೀಗವನ್ನು ತೆಗೆಯಬೇಕು. ವಾಷಿಂಗ್ಟನ್ನಿನವರು ಇದನ್ನು ಇಂದು ನಾಳೆ ಮಾಡುವರೆಂಬ ಭ್ರಮೆ ನನಗಿಲ್ಲ. ಆದರೆ ಅನೇಕ ಊರುಗಳಲ್ಲಿ ಗೃಹೋದ್ಯೋಗಕ್ಕೆ ಊರಿನ ವಲಯ ಮಂಡಳಿಯ ಒಪ್ಪಿಗೆ ಬೇಕು, ಆ ಮಂಡಳಿ ಬಹಿರಂಗ ಸಭೆಯಲ್ಲಿ ನೆರೆಯವರ ಅಹವಾಲನ್ನು ಕೇಳುತ್ತದೆ. ಅಂತಹ ಬೀದಿಗಳಲ್ಲಿ ಈಗ ನಮ್ಮವರೂ ಸಾವಿರಾರು ಮಂದಿ ಮನೆ ಕೊಂಡು ನೆಲೆಸಿದ್ದಾರೆ. ರಾಜ್ಯೋತ್ಸವದ ಚಂದಾಕ್ಕೂ ಯುಗಾದಿಯ ಊಟಕ್ಕೂ ಮುಂದಾಗುವ ಈ ಬಂಧುಗಳು, ಊರಿನ ಆಡಳಿತದ ಸಭೆಯೆಂದ ಕೂಡಲೆ ‘ನಮಗೇಕೆ ಇಲ್ಲದ ಉಸಾಬರಿ’ ಎಂದು ಬಾಗಿಲು ಹಾಕಿಕೊಳ್ಳುವುದನ್ನು ಕಂಡು ಬೇಸರವಾಗುತ್ತದೆ. ತೆರಿಗೆ ಕಟ್ಟುವವರು ನೀವು. ಆ ಬೀದಿಯಲ್ಲಿ ಬೈಸಿಕಲ್ಲು ತುಳಿಯುವವು ನಿಮ್ಮ ಮಕ್ಕಳು. ಪಕ್ಕದ ಮನೆಯವನು ಬಂದೂಕಿನ ವ್ಯಾಪಾರಕ್ಕೆ ಅರ್ಜಿ ಹಾಕಿದ್ದಾನೆಂಬ ನೋಟೀಸು ಅಂಚೆಯಲ್ಲಿ ಬಂದರೆ ಅದನ್ನು ಜಾಹೀರಾತುಗಳ ಜೊತೆಗೆ ಬುಟ್ಟಿಗೆ ಎಸೆಯಬೇಡಿ. ಸಭೆಗೆ ಹೋಗಿ, ಜೊತೆಗೆ ಹತ್ತು ಮನೆಯವರನ್ನು ಕರೆದುಕೊಂಡು ಹೋಗಿ. ನಿಮ್ಮ ಸರದಿ ಬಂದಾಗ ಎದ್ದು ನಿಂತು, ಎಷ್ಟು ಕೋವಿಗಳನ್ನು ಇಡುವಿರಿ, ಎಲ್ಲಿ ಇಡುವಿರಿ, ಬೀಗದ ಕೈ ಯಾರ ಬಳಿ ಇರುತ್ತದೆ, ನೀವು ಮನೆಯಲ್ಲಿಲ್ಲದ ರಾತ್ರಿ ಅವುಗಳನ್ನು ಕಾಯುವವರು ಯಾರು, ಯಾವ ಹೊತ್ತಿನಲ್ಲಿ ಎಂತಹ ಅಪರಿಚಿತರು ನಮ್ಮ ಬೀದಿಗೆ ಬಂದು ಹೋಗುವರು ಎಂದು ಒಂದೊಂದಾಗಿ ಕೇಳಿ. ಪ್ರತಿಯೊಂದಕ್ಕೂ ಉತ್ತರವನ್ನು ಮಂಡಳಿಯ ದಾಖಲೆಯಲ್ಲಿ ಬರೆಯಿಸುವವರೆಗೆ ಕುಳಿತುಕೊಳ್ಳಬೇಡಿ.